ಸ್ಪಷ್ಟನೆ: ವಿಡಿಯೊ ನೋಡಿ ಡುಷೆನ್ ಖಚಿತಪಡಿಸಲಾಗದು

‘ಮಗು ನೆಲದಿಂದ ಏಳುವ ವಿಡಿಯೊ ಕಳುಹಿಸಿದರೆ ಸಾಕು, ಡುಷೆನ್ ಸ್ನಾಯುಕ್ಷಯ ಇದೆಯೋ ಇಲ್ಲವೋ ತಿಳಿಯುತ್ತದೆ, ಆಸ್ಪತ್ರೆಗೆ ಹೋಗಬೇಕಿಲ್ಲ’ ಎಂಬ ಮಾತು ಪೋಷಕರ ನಡುವೆ ಓಡಾಡುತ್ತಿದೆ. ಮಕ್ಕಳ ಸ್ನಾಯುಗಳು ಕ್ರಮೇಣ ಸೋಲುವ ಆನುವಂಶಿಕ ರೋಗವಿದು. ಆ ಮಾತು ಅರ್ಧ ಸತ್ಯ.

ತೊಡೆಗೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತುವಂತೆ ಏಳುವ ಗೋವರ್ಸ್ ಲಕ್ಷಣ ವಿಡಿಯೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಏಳಲು ಹಿಡಿದ ಸೆಕೆಂಡುಗಳನ್ನೂ ಎಣಿಸಬಹುದು. ರೋಗ ಈಗಾಗಲೇ ಪತ್ತೆಯಾದ ಮಕ್ಕಳನ್ನು 17 ಚಟುವಟಿಕೆಗಳ, 34 ಅಂಕಗಳ, ಚಲನಶಕ್ತಿಯನ್ನು ಅಳೆಯುವ ನಾರ್ತ್ ಸ್ಟಾರ್ ಅಳತೆಯಲ್ಲಿ ದೂರದಿಂದಲೇ ಗಮನಿಸಿದ್ದೂ ಉಂಟು. ಹಳ್ಳಿಯಿಂದ ರಾತ್ರಿ ಬಸ್ ಹಿಡಿಯುವ ಕುಟುಂಬಕ್ಕೆ ಅದು ಸಣ್ಣ ಅನುಕೂಲವೇನಲ್ಲ.

ಆದರೆ ಗೋವರ್ಸ್ ಲಕ್ಷಣ ಬೇರೆ ಸ್ನಾಯುರೋಗಗಳಲ್ಲೂ ಇರುತ್ತದೆ. ಅನುಮಾನ ಬಂದಾಗ ರಕ್ತದ ಸಿ.ಕೆ. (ಸ್ನಾಯುಗಳಿಗೆ ಹಾನಿಯಾದಾಗ ಏರುವ ಕಿಣ್ವ) ಪರೀಕ್ಷೆ, ಖಚಿತಪಡಿಸಲು ಈ ರೋಗದಲ್ಲಿ ದೋಷವಿರುವ ಡಿಸ್ಟ್ರೋಫಿನ್ ಜೀನ್‌ನ ಪರೀಕ್ಷೆ ಬೇಕು. ಹೃದಯದ ಸ್ನಾಯು ಎಷ್ಟು ಸೋತಿದೆ ಎಂಬುದನ್ನಂತೂ ಮೊಬೈಲ್ ಕ್ಯಾಮೆರಾ ತೋರಿಸದು. ಅದಕ್ಕೆ ಎಕೋ (ಹೃದಯದ ಅಲ್ಟ್ರಾಸೌಂಡ್) ಅಥವಾ ಹೃದಯದ ಎಂಆರ್‌ಐ ಪರೀಕ್ಷೆಯೇ ಆಗಬೇಕು.