ರಾಜ್ಯಕ್ಕೆ ಎರಡು ಸುವರ್ಣೋತ್ಸವ, ಪ್ರಜೆಗೆ ಅಫಿಡವಿಟ್

ಕರ್ನಾಟಕ ರಾಜ್ಯವು ತನ್ನ ಐವತ್ತನೆಯ ವರ್ಷವನ್ನು ಎರಡು ಸಲ ಆಚರಿಸಿಕೊಂಡಿದೆ. 1956ರ ನವೆಂಬರ್ 1ರ ಏಕೀಕರಣವನ್ನು ಲೆಕ್ಕಕ್ಕೆ ಹಿಡಿದು 2006ರಲ್ಲಿ ಸುವರ್ಣ ಕರ್ನಾಟಕ ಆಚರಣೆಯಾಯಿತು; ಮೈಸೂರು ರಾಜ್ಯವೆಂಬ ಹೆಸರು ಕರ್ನಾಟಕವೆಂದು ಬದಲಾದ 1973ರ ನವೆಂಬರ್ 1ನ್ನು ಲೆಕ್ಕಕ್ಕೆ ಹಿಡಿದು 2023ರಲ್ಲಿ ಮತ್ತೆ ಕರ್ನಾಟಕ ಸಂಭ್ರಮ 50 ಆರಂಭವಾಯಿತು. ನಡುವಿನ ಹದಿನೇಳು ವರ್ಷಗಳ ವ್ಯತ್ಯಾಸಕ್ಕೆ ಯಾವ ಗುಮಾಸ್ತರೂ ಅಫಿಡವಿಟ್ ಕೇಳಲಿಲ್ಲ, ಹೆಸರು ಬದಲಿಸಿಕೊಂಡಿದ್ದಕ್ಕೆ ಪತ್ರಿಕೆಯ ಜಾಹೀರಾತಿನ ತುಣುಕನ್ನು ಲಗತ್ತಿಸಿ ಎನ್ನಲಿಲ್ಲ. ರಾಜ್ಯದ ಅದೃಷ್ಟವೇ ಅದೃಷ್ಟ.

ಈ ಸಂಭ್ರಮದಿಂದ ಪ್ರೇರಿತನಾಗಿ, ತಾನು ಹುಟ್ಟಿದ ವರ್ಷದಲ್ಲಿ ನಾಡಿನಲ್ಲಿ ಏನೇನು ನಡೆಯಿತೆಂದು ಹಿಂದಿರುಗಿ ನೋಡಲು ಹೊರಟ ಪ್ರಜೆಯೊಬ್ಬನನ್ನು ಊಹಿಸಿಕೊಳ್ಳೋಣ. ಜಾತಕದ ಪ್ರಕಾರ ಅವನ ಜನನ ಪ್ರಮಾದೀಚ ಸಂವತ್ಸರದ ಪುಷ್ಯ ಮಾಸದಲ್ಲಿ, ಅಂದರೆ 1974ರ ಜನವರಿಯಲ್ಲಿ. ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರ 1-6-1973. ಈ ಎರಡನೆಯ ದಿನಾಂಕವನ್ನು ನಿಗದಿಪಡಿಸಿದ ವಿಧಾನವನ್ನು ಇತಿಹಾಸಕಾರರು ಗಮನಿಸಬೇಕು. ತಂದೆಯ ಬೆರಳು ಹಿಡಿದು ಬಂದ ಹುಡುಗನಿಗೆ ಮೇಷ್ಟ್ರು ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟುವಂತೆ ಹೇಳಿದರು. ಬೆರಳ ತುದಿ ಕಿವಿಗೆ ತಗಲಿತು. ಒಂದನೇ ತರಗತಿಗೆ ಬೇಕಾದಷ್ಟು ವಯಸ್ಸಾಗಿದೆ ಎಂದು ತೀರ್ಮಾನವಾಯಿತು. ಶಾಲೆ ತೆರೆಯುವ ಜೂನ್ ತಿಂಗಳ ಮೊದಲ ದಿನವನ್ನೇ ಶಾಯಿಯಲ್ಲಿ ಬರೆಯಲಾಯಿತು. ಅದೇ ಸಾಲಿನಲ್ಲಿ ನಿಂತಿದ್ದ ಅರ್ಧ ತರಗತಿಯೂ ಅದೇ ದಿನ ಹುಟ್ಟಿತು. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರಿಬ್ಬರೂ ಒಂದೇ ಜೂನ್ ಒಂದರಂದು ಜನಿಸಿ, ಅವಳಿಗಳೆಂಬುದು ತಾಯಿಗೇ ತಿಳಿಯದೆ ಉಳಿಯಿತು.

ಈ ಏಳೆಂಟು ತಿಂಗಳ ವ್ಯತ್ಯಾಸ ಸಣ್ಣದೆಂದು ಯಾರೂ ಭಾವಿಸಬಾರದು. ಜಾತಕವನ್ನು ನಂಬಿದರೆ ನಮ್ಮ ಪ್ರಜೆ ಕರ್ನಾಟಕದಲ್ಲಿ ಹುಟ್ಟಿದವನು. ಶಾಲೆಯನ್ನು ನಂಬಿದರೆ ಮೈಸೂರು ರಾಜ್ಯದವನು. ಅರಬ್-ಇಸ್ರೇಲ್ ಯುದ್ಧದಿಂದ ತೈಲದ ಬೆಲೆ ಗಗನಕ್ಕೇರಿ, ಅದನ್ನು ಪ್ರತಿಭಟಿಸಲು ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದ 1973ರ ನವೆಂಬರಿನಲ್ಲಿ ಅವನು ಒಂದು ದಾಖಲೆಯಂತೆ ಐದು ತಿಂಗಳ ಕೂಸು, ಇನ್ನೊಂದರಂತೆ ಇನ್ನೂ ಗರ್ಭಸ್ಥ. ಅದೇ ವರ್ಷದ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠವು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಬದಲಿಸುವಂತಿಲ್ಲವೆಂದು 7–6ರ ಬಹುಮತದಿಂದ ಹೇಳಿತು. ಪ್ರಜೆಯ ಮೂಲ ಸ್ವರೂಪವನ್ನು ಬದಲಿಸಲು ಮಾತ್ರ ಒಬ್ಬ ಮುಖ್ಯೋಪಾಧ್ಯಾಯರ ಬಹುಮತವೇ ಸಾಕಾಗಿತ್ತು.

ಮೇಷ್ಟ್ರನ್ನು ದೂರುವುದು ಕೃತಘ್ನತೆಯಾದೀತು. ಜನನ ಮತ್ತು ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ; ಅದು ಹಳ್ಳಿಯ ಹೆರಿಗೆಕೋಣೆಯವರೆಗೆ ನಡೆದು ಬರುವಷ್ಟರಲ್ಲಿ ಮಕ್ಕಳು ಶಾಲೆಯ ಬಾಗಿಲಲ್ಲಿ ನಿಂತಿದ್ದರು, ಯಾರಾದರೂ ಒಂದು ತಾರೀಖು ಬರೆಯಲೇಬೇಕಿತ್ತು. ವಿಚಿತ್ರವಿರುವುದು ಆಮೇಲೆ ಆ ಅಂದಾಜಿಗೆ ದೊರೆತ ಪಾವಿತ್ರ್ಯದಲ್ಲಿ. ಸರ್ಕಾರಿ ನೌಕರಿಗೆ ಸೇರಿದವನು ಸೇವಾ ಪುಸ್ತಕದ ವಯಸ್ಸನ್ನು ತಿದ್ದಿಸಲು ಮೂರು ವರ್ಷದೊಳಗೆ ಎಚ್ಚೆತ್ತುಕೊಳ್ಳಬೇಕು, ಆಮೇಲೆ ಬ್ರಹ್ಮನೇ ಬಂದು ಸಾಕ್ಷಿ ನುಡಿದರೂ ಪ್ರಯೋಜನವಿಲ್ಲ. ಹಾಗೆಂದು ಹೇಳುವ ಕರ್ನಾಟಕ ರಾಜ್ಯ ನೌಕರರ ವಯೋನಿರ್ಣಯ ಕಾಯಿದೆ 1974ರದು. ಜಾತಕದಂತೆ ನಮ್ಮ ಪ್ರಜೆಯ ಸರೀಕ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕೆಂಬ ನಿಯಮವೂ ಇರುವುದರಿಂದ, ಪ್ರತಿ ಮೇ 31ರ ಸಂಜೆ ಕಚೇರಿ ಕಚೇರಿಗಳಲ್ಲಿ ಶಾಲು, ಹಾರ ಮತ್ತು ಫಲತಾಂಬೂಲಗಳ ಅಭಾವ ತಲೆದೋರುತ್ತದೆ. ಕಿವಿ ಮುಟ್ಟಿದ ಕೈಗೆ ಪಿಂಚಣಿ ಪತ್ರ ಬರುವುದು ಹೀಗೆ.

ಇದು ಬಡಬಗ್ಗರ ಗೋಳು ಮಾತ್ರವೆಂದು ತಿಳಿಯಬೇಡಿ. ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರೇ ತಾವು ಹುಟ್ಟಿದ್ದು 1950ರ ಮೇ 10ರಂದೋ 1951ರ ಮೇ 10ರಂದೋ ಎಂಬ ಪ್ರಶ್ನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಒಯ್ದು, ಅರ್ಜಿಯನ್ನು ಹಿಂತೆಗೆದುಕೊಂಡು, 1950ರಲ್ಲಿ ಹುಟ್ಟಿದವರಾಗಿಯೇ ನಿವೃತ್ತರಾದರು.

ನಮ್ಮ ಪ್ರಜೆ ಅಷ್ಟು ದೂರ ಹೋಗುವವನಲ್ಲ. ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ, ಕಡತ ಹುಡುಕಿದ ಕಚೇರಿಯು ನಮೂನೆ 10ರಲ್ಲಿ, ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ಮೊಹರು ಹಾಕಿ ಕೊಟ್ಟಿತು. ಹುಟ್ಟಿದ್ದು ನೋಂದಣಿಯಾಗಲಿಲ್ಲ, ನೋಂದಣಿಯಾಗದಿದ್ದುದು ಮಾತ್ರ ಅಚ್ಚುಕಟ್ಟಾಗಿ ನೋಂದಣಿಯಾಯಿತು. ಇನ್ನುಳಿದದ್ದು ಪ್ರತ್ಯಕ್ಷ ಸಾಕ್ಷಿಯಾದ ತಾಯಿಯ ಅಫಿಡವಿಟ್. ಅದಕ್ಕೆ ಆಕೆಯ ಆಧಾರ್ ಪ್ರತಿ ಬೇಕೆಂದರು. ನೋಂದಣಿಯ ದಿನ ಆಕೆ ಅಂದಾಜು ವಯಸ್ಸನ್ನಷ್ಟೇ ಹೇಳಿದ್ದರಿಂದ ಅದರಲ್ಲಿ ಜನವರಿ 1 ಎಂದಿದೆ, ಇಸವಿ 1965. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂಬ ಸೂಚನೆಯೂ ಅಚ್ಚಾಗಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬೆರಳುಗಳ ಮೇಲೆ ಲೆಕ್ಕ ಹಾಕಿದ ಗುಮಾಸ್ತರು, ಒಂಬತ್ತು ವರ್ಷದ ಹುಡುಗಿಗೆ ಮಗ ಹುಟ್ಟುವುದನ್ನು ಇಲಾಖೆ ಒಪ್ಪುವುದಿಲ್ಲವೆಂದು ತಿಳಿಸಿ, ಹೆರಿಗೆಯ ಹೊತ್ತಿನಲ್ಲಿ ಹಾಜರಿದ್ದ ಬೇರೆ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು.