ಕ್ಷಯ ಪತ್ತೆಗೆ ಟಿ ಕೋಶದ ಗುರುತು: ಕೋಲಾರದ ಜಿಲ್ಲಾ ಲ್ಯಾಬಿಗೆ ಈಗಲೇ ಬೇಕೆ?

ರಕ್ತದಲ್ಲಿರುವ ರೋಗನಿರೋಧಕ ಟಿ ಕೋಶಗಳ ಮೇಲಿನ ಗುರುತು ನೋಡಿ ಕ್ಷಯ (ಟಿಬಿ) ಪತ್ತೆ ಮಾಡುವ ಪರೀಕ್ಷೆಯೊಂದಿದೆ. ಅದು ಜಿಲ್ಲಾ ಲ್ಯಾಬಿಗೆ ಬೇಕೇ ಬೇಡವೇ ಎಂಬ ಎರಡು ವಾದಗಳು ಇಲ್ಲಿವೆ.

ಪರ: ಕಫ ಬಾರದವರು ಎಲ್ಲಿಗೆ ಹೋಗಬೇಕು?

ಕಫದಲ್ಲಿ ಟಿಬಿ ಸೂಕ್ಷ್ಮಾಣು ಸಿಕ್ಕರೆ ಯಾರ ತಕರಾರೂ ಇಲ್ಲ. ಕಷ್ಟವೆಲ್ಲ ಕಫವೇ ಬಾರದವರದು. ಚಿಕ್ಕ ಮಗು ಕಫ ಉಗುಳುವುದಿಲ್ಲ, ನುಂಗಿಬಿಡುತ್ತದೆ. ಬೆನ್ನುಮೂಳೆಯ ಟಿಬಿಗೆ ಸೂಜಿ ಹಾಕಿಯೇ ಮಾದರಿ ತೆಗೆಯಬೇಕು. ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರದು ಇನ್ನೂ ತೊಡಕು: ಎಕ್ಸ್‌ರೇಯಲ್ಲಿ ಸಿಲಿಕೋಸಿಸ್‌ನ (ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಚುಕ್ಕೆ ಯಾವುದು, ಟಿಬಿಯ ನೆರಳು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಹೆಚ್ಚು.

ಈಗಿರುವ ಇಗ್ರಾ ರಕ್ತಪರೀಕ್ಷೆ ಸೋಂಕು ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಅದು ಸುಪ್ತವಾಗಿದೆಯೋ ಕಾಯಿಲೆಯಾಗಿ ಎದ್ದಿದೆಯೋ ಎಂಬುದು ತಿಳಿಯದು. ಗುರುತಿನ ಪರೀಕ್ಷೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ರಕ್ತಕ್ಕೆ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಟಿಬಿ ಸೂಕ್ಷ್ಮಾಣುವಿನ ಪ್ರೋಟೀನ್ ತುಣುಕುಗಳನ್ನು ಬೆರೆಸಿ 37 ಡಿಗ್ರಿಯಲ್ಲಿ ಇಡುತ್ತಾರೆ. ಅವಕ್ಕೆ ಸ್ಪಂದಿಸಿ ಟಿ ಕೋಶ ತಯಾರಿಸಿದ ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನ್ ಹೊರಗೆ ಹೋಗದಂತೆ ಬ್ರೆಫೆಲ್ಡಿನ್ ಎಂಬ ರಾಸಾಯನಿಕ ತಡೆಯುತ್ತದೆ. ಆಮೇಲೆ ಕೆಂಪುಕಣ ಕರಗಿಸಿ, ಬಣ್ಣ ಹಾಕಿ, ಕೋಶಗಳನ್ನು ಒಂದೊಂದಾಗಿ ಓದುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಓಡಿಸುತ್ತಾರೆ. ಟಿಬಿಗೆ ಸ್ಪಂದಿಸಿದ ಸಿಡಿ4 ಕೋಶಗಳ (ಟಿ ಕೋಶಗಳ ಒಂದು ಬಗೆ) ಮೇಲೆ ಎಚ್‌ಎಲ್‌ಎ-ಡಿಆರ್, ಸಿಡಿ38 ಎಂಬ ಗುರುತುಗಳು ಹೆಚ್ಚಿದ್ದು ಸಿಡಿ27 ಎಂಬ ಗುರುತು ಉದುರಿದ್ದರೆ ಒಳಗೆ ಸೂಕ್ಷ್ಮಾಣು ಈಗಲೂ ಬೆಳೆಯುತ್ತಿದೆ ಎಂಬ ಸೂಚನೆ. ಔಷಧ ಹಿಡಿದರೆ ಎಚ್‌ಎಲ್‌ಎ-ಡಿಆರ್, ಸಿಡಿ38 ಇಳಿಯುತ್ತವೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅರಿಯಲು ಕಫ ಕೊಡಲಾಗದವರಿಗೆ ಬೇರೇನಿದೆ?

ಎಲ್ಲರಿಗೂ ಮಾಡಿ ಎನ್ನುತ್ತಿಲ್ಲ. ಸೂಕ್ಷ್ಮಾಣುವಿನ ಡಿಎನ್‌ಎ ಹುಡುಕುವ ಟ್ರೂನಾಟ್ ಪರೀಕ್ಷೆ ನೆಗೆಟಿವ್ ಬಂದರೂ ಅನುಮಾನ ಹೋಗದವರಿಗೆ, ಜಿಲ್ಲಾ ಕೇಂದ್ರದ ಒಂದೇ ಲ್ಯಾಬಿನಲ್ಲಿ, ವಾರಕ್ಕೆರಡು ದಿನ ಮಾಡಿದರೂ ಸಾಕು.

ವಿರೋಧ: ಲ್ಯಾಬಿನ ಬಾಗಿಲಲ್ಲೇ ಎಡವುತ್ತದೆ

ವಿಜ್ಞಾನದ ಬಗ್ಗೆ ಜಗಳವಿಲ್ಲ. ಆದರೆ ಸಿಡಿ4 ಎಣಿಸುವ ಸಣ್ಣ ಯಂತ್ರ ಇದಕ್ಕಾಗದು. ಆರಾದರೂ ಬಣ್ಣ ಓದುವ ಯಂತ್ರ ಬೇಕು. ಟಿಬಿಗೆ ಸ್ಪಂದಿಸುವ ಕೋಶ ಸಾವಿರ ಸಿಡಿ4 ಕೋಶಗಳಲ್ಲಿ ಒಂದೂ ಇಲ್ಲದಿರಬಹುದು. ಲಕ್ಷಗಟ್ಟಲೆ ಕೋಶ ಓಡಿಸಿ ಕೊನೆಗೆ ಇಪ್ಪತ್ತು ಸಿಕ್ಕರೆ, ನಾಲ್ಕೈದು ಅತ್ತಿತ್ತ ಆದರೂ ಶೇಕಡಾವಾರು ಬದಲಾಗುತ್ತದೆ. ಅದರ ಮೇಲೆ ಆರು ತಿಂಗಳ ಔಷಧ ಶುರು ಮಾಡುವುದೇ?

ರಕ್ತ ತೆಗೆಯುವಾಗಲೇ ಕೆಡುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಕೈಗೆ ಸಿಕ್ಕಿತೆಂದು ಅದರಲ್ಲೇ ತೆಗೆದರೆ ಪರೀಕ್ಷೆ ಮುಗಿದಂತೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಟಿ ಕೋಶ ಏಳುವುದೇ ಇಲ್ಲ. ಶ್ರೀನಿವಾಸಪುರದಿಂದ ಐಸ್‌ಬಾಕ್ಸಿನಲ್ಲಿ ಕಳಿಸಿದರೂ ಕೋಶ ಮಂಕಾಗುತ್ತದೆ. ಎರಡು ಬಣ್ಣ ಬೆಸೆದು ಮಾಡಿದ ಜೋಡಿ ಬಣ್ಣಗಳು ಬೆಳಕಿಗೆ ಒಡೆದು, ಒಂದರ ಹೊಳಪು ಇನ್ನೊಂದರ ಲೆಕ್ಕಕ್ಕೆ ಸೇರಿ ಇಲ್ಲದ ಗುರುತು ತೋರಿಸುತ್ತವೆ. ಎಚ್‌ಐವಿಯಿಂದ ಸಿಡಿ4 ಕುಸಿದವರಲ್ಲಿ ಎಣಿಸಲು ಕೋಶವೇ ಸಾಲದು. ಈಚೆಗಷ್ಟೇ ಸೋಂಕು ತಗಲಿದವರಲ್ಲಿ ಕಾಯಿಲೆ ಇಲ್ಲದೆಯೂ ಈ ಗುರುತು ಏರಬಹುದು. ಇಷ್ಟಾಗಿಯೂ ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬ ಮಾತು ಇದರಿಂದ ಬರುವುದಿಲ್ಲ. ಬ್ಯಾಟರಿ ಮೇಲೆ ಓಡುವ ಟ್ರೂನಾಟ್ ಅದನ್ನು ತಾಲೂಕು ಆಸ್ಪತ್ರೆಯಲ್ಲೇ ಹೇಳಬಲ್ಲದು.

ಪ್ರತಿಕಾಯ ನೋಡುವ ಟಿಬಿ ರಕ್ತಪರೀಕ್ಷೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಬೇಡವೆಂದಿತು, ಭಾರತ 2012ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಬಡವರು ತಪ್ಪು ರಿಪೋರ್ಟಿಗೆ ದುಡ್ಡು ಸುರಿದಾಗಿತ್ತು. ಮತ್ತೆ ಹಾಗಾಗಬಾರದು.

ಕಫ ಬಾರದವರಿಗೆ ದಾರಿಯಿದೆ. ಮಗುವಿನ ಮಲವನ್ನೋ ಬೆಳಗಿನ ಖಾಲಿ ಹೊಟ್ಟೆಯ ಜಠರರಸವನ್ನೋ ಟ್ರೂನಾಟ್‌ನಂತೆಯೇ ಡಿಎನ್‌ಎ ಹುಡುಕುವ ಸಿಬಿನ್ಯಾಟ್‌ಗೆ ಹಾಕಿ. ಕತ್ತಿನ ಗಂಟಿನಿಂದ ಸೂಜಿಯಲ್ಲಿ ತೆಗೆದದ್ದನ್ನೂ ಹಾಕಿ. ಶ್ವಾಸಕೋಶದ ಸುತ್ತ ತುಂಬಿದ ಎದೆನೀರಿನಲ್ಲಿ ಸಿಬಿನ್ಯಾಟ್‌ಗೆ ಹೆಚ್ಚಾಗಿ ಏನೂ ಸಿಗದು, ಅಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ ನೋಡಿ. 40 ಯೂನಿಟ್ ದಾಟಿದರೆ ಟಿಬಿ ಕಡೆಗೆ ಬೆರಳು. ಕೆಜಿಎಫ್‌ನ ಸಿಲಿಕೋಸಿಸ್ ರೋಗಿಗಳಲ್ಲಿ ಗುರುತಿನ ಪರೀಕ್ಷೆಯನ್ನು ಸಂಶೋಧನೆಯಾಗಿ ಮಾಡಲಿ, ಪ್ರತಿ ಫಲಿತಾಂಶವನ್ನೂ 42 ದಿನದ ದ್ರವ ಕಲ್ಚರ್ (ದ್ರವದಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವುದು) ಜೊತೆ ತಾಳೆ ನೋಡಲಿ. ಅಲ್ಲಿಯತನಕ ಅದರ ಫಲಿತಾಂಶ ರೋಗಿಯ ಚೀಟಿಗೆ ಏರುವುದು ಬೇಡ.