ಚರ್ಚೆಗೆ ಬಾರದವರ ನಾಮಪತ್ರ ರದ್ದಾಗುವುದಿಲ್ಲ

ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಚುನಾವಣಾ ಆಯೋಗದ ಹೊಸ ನಿಯಮ, ಸಾರ್ವಜನಿಕ ಚರ್ಚೆಗೆ ಬಾರದ ಅಭ್ಯರ್ಥಿಯ ನಾಮಪತ್ರ ರದ್ದು." ಇದು ಸುಳ್ಳು. ಅಂಥ ನಿಯಮ ಇಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 36ನೇ ಸೆಕ್ಷನ್ ನೋಡಿ. ನಾಮಪತ್ರ ತಿರಸ್ಕಾರ ಆಗುವುದು ಪರಿಶೀಲನೆಯ ಹಂತದಲ್ಲಿ, ಅದೂ ಚುನಾವಣಾಧಿಕಾರಿಯಿಂದ. ಅಭ್ಯರ್ಥಿಗಳ ಸಾರ್ವಜನಿಕ ಚರ್ಚೆ ನಡೆಸುವ ನಾವು ಅವರನ್ನು ಕರೆಯುವುದು ಅದೆಲ್ಲ ಆಗಿ, ನಾಮಪತ್ರ ವಾಪಸ್ ಪಡೆಯುವ ದಿನವೂ ಮುಗಿದು, ಕಣದಲ್ಲಿರುವವರ ಅಂತಿಮ ಪಟ್ಟಿ ಬಂದ ಮೇಲೆ. ಆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಪತ್ರ ಹೋಗುತ್ತದೆ, ಪಕ್ಷೇತರರಿಗೂ. ಬರುವುದು ಬಿಡುವುದು ಅವರಿಷ್ಟ. ಅಮೆರಿಕದಲ್ಲೂ ಅಷ್ಟೇ, 1980ರಲ್ಲಿ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಮೊದಲ ಚರ್ಚೆಗೆ ಹೋಗಲೇ ಇಲ್ಲ.

ಬಾರದವರ ಖಾಲಿ ಕುರ್ಚಿಯ ಫೋಟೋ ಹಾಕಿ ಅಂತ ಕೆಲವರು ಹೇಳುತ್ತಿದ್ದಾರೆ. ಬೇಡ. ಅದು ಒಬ್ಬರನ್ನು ಹಂಗಿಸಿದ ಹಾಗಾಗುತ್ತದೆ ಅಲ್ವಾ, ನಮ್ಮ ಕೆಲಸ ಅದಲ್ಲ. ಕೂರುವ ಜಾಗ, ಮಾತಿನ ಸರದಿ ಎರಡನ್ನೂ ಎಲ್ಲರೆದುರು ಚೀಟಿ ಎತ್ತಿ ಗೊತ್ತು ಮಾಡುತ್ತೇವೆ. ಮಲ್ಪೆಯ ಮೀನುಗಾರಿಕೆ ಇರಲಿ, ಮಳೆಗಾಲದ ಕಡಲ್ಕೊರೆತ ಇರಲಿ, ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ನಿಮಿಷ.

"ಮತದಾನದ ಹಿಂದಿನ ರಾತ್ರಿ ಚರ್ಚೆ" ಎಂಬ ಸಾಲೂ ಆ ಮೆಸೇಜ್‌ನಲ್ಲಿದೆ. ಅದೂ ತಪ್ಪು. ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಚುನಾವಣೆಯ ಸಾರ್ವಜನಿಕ ಸಭೆ ನಡೆಸಲು ಅದೇ ಕಾಯ್ದೆಯ 126ನೇ ಸೆಕ್ಷನ್ ಬಿಡುವುದಿಲ್ಲ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.